ದೇವೀರಿಯ ಹಿತ್ತಲ ತಾಯಿಬೇರು

ಬಹಳ ಬಹಳ ಹಿಂದೆ, ಬೇಸಿಗೆಯಲ್ಲೂ ಬಾಯಿಂದ ಹಬೆ ಬರುವಷ್ಟು ತಣ್ಣಗಿನ ಬೆಟ್ಟದ ರಾಜ್ಯವೊಂದಿತ್ತು. ಅಲ್ಲಿನ ರಾಜ ಸಿಂಹಾಸನದ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದ, ಅಷ್ಟೆ. ಆಳುತ್ತಿದ್ದವನು ಕಾಳಂಗನೆಂಬ ಮಾಂತ್ರಿಕ. ಆ ಚಳಿಯಲ್ಲಿ ಮೊಳೆಯುವ ಬೀಜ ಇದ್ದದ್ದು ಅವನ ಕರಿ ಜೋಳಿಗೆಯಲ್ಲಿ ಮಾತ್ರ. ಅವನ ಬೀಜ ಬಿತ್ತಿದರೆ ಕುಂಬಳ ಆನೆಮರಿಯಷ್ಟು ದಪ್ಪ ಬೆಳೆಯುತ್ತಿತ್ತು. ಕೊಯ್ದರೆ ಒಳಗೆ ಒಂದು ಬೀಜವೂ ಇಲ್ಲ. ಹಾಗಾಗಿ ಪ್ರತಿ ಯುಗಾದಿಗೂ ಜನ ಅವನ ಕಾಲಿಗೆ ಬಿದ್ದು ಹೊಸ ಬೀಜ ಬೇಡಬೇಕು.

ಒಂದು ಯುಗಾದಿಯಂದು ಬೊಪ್ಪನೆಂಬ ಕುರುಬ, "ಅಲ್ಲಯ್ಯಾ, ನಿನ್ನ ಕುಂಬಳ ಯಾಕೆ ಬಂಜೆ?" ಎಂದು ಕೇಳಿಬಿಟ್ಟ. ಎದುರು ಮಾತಾಡಿದವರನ್ನೆಲ್ಲ ಮೃಗ ಮಾಡುವುದು ಕಾಳಂಗನ ರೂಢಿ. ಚಿಟಿಕೆ ಬೂದಿ ಎರಚಿದ. ಬೊಪ್ಪ ಕಡವೆಯಾದ.

ಬೊಪ್ಪನ ಹೆಂಡತಿ ದೇವೀರಿ ಮಗಳು ಮಿಣುಕಿಯನ್ನು ಸೊಂಟಕ್ಕೆ ಏರಿಸಿಕೊಂಡು ಓಡಿಬಂದಳು. ಕಾಳಂಗ ನಕ್ಕ. "ಬಿತ್ತದೆ ತಾನಾಗಿ ಬಂದ ಹಿತ್ತಲ ಪಲ್ಲೆ ತಿಂದರೆ ಇವನು ಮತ್ತೆ ಮನುಷ್ಯನಾಗುತ್ತಾನೆ. ಈ ರಾಜ್ಯದಲ್ಲಿ ಅಂಥದ್ದು ಎಲ್ಲಿದೆ?"

"ಇಲ್ಲದಿದ್ದರೆ ಹುಡುಕುತ್ತೀನಿ. ನಿನ್ನ ಹಾಗೆ ಜೋಳಿಗೆಯಲ್ಲಿ ಬಚ್ಚಿಟ್ಟುಕೊಂಡು ಕೂರಲ್ಲ," ಎಂದಳು ದೇವೀರಿ.

ಕಾಡಿನಲ್ಲಿ ಬಂಡೆಯಡಿ ಸಿಕ್ಕಿಬಿದ್ದ ಮುಳ್ಳುಹಂದಿಯೊಂದು ಅವಳನ್ನು ಕರೆಯಿತು. ದೇವೀರಿ ಬಂಡೆ ಸರಿಸಿದಳು. ಅದು ನೆಲ ಬಗೆದು, ಜೇಡನಂತೆ ಕಾಲು ಚಾಚಿದ ಬೇರೊಂದನ್ನು ಕೊಟ್ಟಿತು. "ಇದು ಹಲವು ಮಕ್ಕಳ ತಾಯಿಬೇರು. ಒಂದು ಸಲ ನೆಟ್ಟರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಚಿಗುರುತ್ತದೆ. ಆದರೆ ಮೂರು ವಸಂತ ಒಂದು ಚಿಗುರೂ ಮುರಿಯಬೇಡ. ಮುರಿದರೆ ಬೇರು ಸಾಯುತ್ತದೆ, ತಿಂದವನು ಸಾಯುವ ತನಕ ಮೃಗವೇ. ನಾಲ್ಕನೆಯ ವಸಂತದಲ್ಲಿ ಬರುವುದು ನಿನ್ನದು."

ದೇವೀರಿ ಮೊಣಕಾಲುದ್ದ ಗುಂಡಿ ತೋಡಿ, ಕುರಿಗೊಬ್ಬರ ಹಾಕಿ ನೆಟ್ಟಳು. ಕಾಳಂಗನ ಬೀಜಕ್ಕೆ ಕೈಯೊಡ್ಡಲಿಲ್ಲ. ತಾಯಿ ಮಗಳು ಕಾಡುಗೆಣಸು ತಿಂದು ದಿನ ನೂಕಿದರು.

ಮೊದಲ ವಸಂತ ಹುಲ್ಲುಕಡ್ಡಿಯಷ್ಟು ಸಣ್ಣ ಚಿಗುರು ಎದ್ದಿತು. ಅದರ ವಾಸನೆ ಹಿಡಿದು ಕಡವೆ ಬೇಲಿ ಹಾರಿತು. ದೇವೀರಿ ಪೊರಕೆ ಹಿಡಿದು ಓಡಿದಳು.

"ಏನ್ರೀ, ನಾಚಿಕೆ ಆಗಲ್ವಾ? ಮೂರು ವರ್ಷ ತಡೆಯೋಕೆ ಆಗಲ್ವಾ ನಿಮಗೆ?"

"ಅವ್ವಾ, ಅಪ್ಪನಿಗೆ ಹೊಡೀತೀಯಾ?" ಮಿಣುಕಿ ಅತ್ತಳು.

"ಹೊಡೀಲಿಲ್ಲ ಕಣೇ, ಹೆದರಿಸಿದೆ." ಕಡವೆ ಕಾಡಿನ ಅಂಚಿನಲ್ಲಿ ನಿಂತು ತಿರುಗಿ ನೋಡಿತು. ದೇವೀರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದಿನಿಂದ ಅದು ಬಂದಾಗಲೆಲ್ಲ ಓಡಿಸುವುದೇ ಅವಳ ಕೆಲಸವಾಯಿತು. ಚಳಿಗಾಲದಲ್ಲಿ ಬೇರಿನ ಮೇಲೆ ಒಣಎಲೆ ಹೊದಿಸುವಾಗ ನೆರೆಮನೆಯ ಸಾತವ್ವ ಬೇಲಿಯಾಚೆಯಿಂದ ಆಡಿಕೊಂಡಳು: "ಕಟ್ಟಿಕೊಂಡ ಗಂಡನಿಗೆ ಪೊರಕೆ, ಕಾಡುಬೇರಿಗೆ ಹೊದಿಕೆ!"

ಎರಡನೆಯ ವಸಂತ ಚಿಗುರು ಬೆರಳಷ್ಟು ದಪ್ಪವಾಯಿತು. ಮಿಣುಕಿ ಜ್ವರ ಬಂದು ಸೊರಗಿದ್ದಳು. ಹಿತ್ತಲ ಬಾಗಿಲಿಗೆ ಬಂದ ಮುದುಕಿಯೊಬ್ಬಳು ಲೊಚಗುಟ್ಟಿದಳು. "ಅಯ್ಯೋ ಕೂಸೇ! ಒಂದೇ ಒಂದು ಚಿಗುರು ಮುರಿದು ಸಾರು ಮಾಡಿಕೊಡು ತಾಯಿ. ಒಂದರಿಂದ ಏನಾಗುತ್ತೆ?"

ದೇವೀರಿಯ ಕೈ ಚಿಗುರಿನ ತನಕ ಹೋಯಿತು. ಅಷ್ಟರಲ್ಲಿ ಮುದುಕಿಯ ನೆರಳು ಕಂಡಿತು. ನೆರಳಿಗೆ ಗಡ್ಡವಿತ್ತು, ಹೆಗಲಲ್ಲಿ ಜೋಳಿಗೆ ನೇತಾಡುತ್ತಿತ್ತು.

"ನನ್ನ ಮಗಳಿಗೆ ಗೆಣಸಿನ ಗಂಜಿ ಸಾಕು ಅಜ್ಜೀ. ನಿನ್ನ ಗಡ್ಡಕ್ಕೂ ಒಂದಿಷ್ಟು ಕೊಡಲಾ?" ಎಂದಳು ದೇವೀರಿ. ಮುದುಕಿ ಹೊಗೆಯಾಗಿ ಹೋದಳು.

ಮೂರನೆಯ ವಸಂತ ಹೇಗೋ ಕಳೆಯಿತು. ಆಮೇಲೆ ಬಂತು ಎಂದೂ ಕಾಣದಂಥ ಚಳಿ. ಗಿಡ ಹಳದಿಯಾಗಿ, ಒಣಗಿ, ನೆಲಕ್ಕೆ ಒರಗಿತು. ಈ ಸಲ ಕಾಳಂಗ ತನ್ನ ರೂಪದಲ್ಲೇ ಗುದ್ದಲಿ ಹಿಡಿದು ಬಂದ.

"ಸತ್ತಿದೆ ದೇವೀರಿ. ನಂಬಿಕೆ ಇಲ್ಲದಿದ್ದರೆ ಅಗೆದು ನೋಡು. ಬೇರಲ್ಲಿ ಜೀವ ಇದ್ದರೆ ನಿನ್ನ ಗಂಡನನ್ನು ಈಗಲೇ ಬಿಡುತ್ತೇನೆ."

ದೇವೀರಿ ಗುದ್ದಲಿ ತೆಗೆದುಕೊಂಡಳು. ಮೂರು ವರ್ಷದ ದಣಿವು ತೋಳಿಗೆ ಬಂದು ಕೂತಿತ್ತು. ಎತ್ತಿದಳು. ಎತ್ತಿದ ಗುದ್ದಲಿ ಹಾಗೇ ನಿಂತಿತು.

"ಮಲಗಿರೋ ಮಗು ಬದುಕಿದೆಯಾ ಅಂತ ಹೊದಿಕೆ ಕಿತ್ತು ಚಳಿಗೆ ಹಾಕುವವಳು ತಾಯಿಯಲ್ಲ ಕಾಳಂಗ. ನೀನು ಹೆತ್ತವನಲ್ಲ, ನಿನಗೆ ಗೊತ್ತಾಗಲ್ಲ." ಗುದ್ದಲಿಯನ್ನು ಅವನ ಕಾಲ ಬಳಿ ಎಸೆದು, ಬೇರಿನ ಮೇಲೆ ಇನ್ನೊಂದು ಬುಟ್ಟಿ ಎಲೆ ಸುರಿದಳು.

ನಾಲ್ಕನೆಯ ವಸಂತ ಬಂತು. ಊರ ಹಿತ್ತಲುಗಳೆಲ್ಲ ಹಸಿರಾದವು, ದೇವೀರಿಯದು ಮಾತ್ರ ಬರಿಮಣ್ಣು. ಎಂಟು ದಿನ ಅವಳು ಗಂಜಿ ಮುಟ್ಟಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಮಿಣುಕಿ ಕೂಗಿದಳು: "ಅವ್ವಾ, ನೆಲ ಬಿರಿದಿದೆ!" ಹೆಬ್ಬೆರಳು ಗಾತ್ರದ ಇಪ್ಪತ್ತು ಚಿಗುರುಗಳು ಎಲೆ ತಳ್ಳಿಕೊಂಡು ನಿಂತಿದ್ದವು.

ಈಗ ಬೇರೆಯೇ ಪಾಡು. ಕಡವೆ ಬೇಲಿಯಾಚೆ ನಿಂತಿದೆ, ಒಳಗೆ ಬರುತ್ತಿಲ್ಲ! ದೇವೀರಿ ಒಂದು ಹೆಜ್ಜೆ ಇಟ್ಟರೆ ಅದು ಎರಡು ಹೆಜ್ಜೆ ಹಿಂದೆ. "ಬನ್ರೀ, ಇನ್ನು ಓಡಿಸಲ್ಲ," ಎಂದು ಗೋಗರೆದಳು. ಕೊನೆಗೆ ಮುಳ್ಳಿನಲ್ಲೇ ಮಂಡಿಯೂರಿ, ಬೇಲಿಯ ಕಿಂಡಿಯಿಂದ ಚಿಗುರು ಹಿಡಿದ ಕೈ ಚಾಚಿದಳು. ತೋಳೆಲ್ಲ ಗೀರಿ ರಕ್ತ ಇಳಿಯಿತು. ಕಡವೆ ಮೂಸಿತು. ಮೊದಲು ಗಾಯ ನೆಕ್ಕಿತು, ಆಮೇಲೆ ಚಿಗುರು ಕಚ್ಚಿತು.

ಬೇಲಿಯಾಚೆ ಬೊಪ್ಪ ಕೂತಿದ್ದ. ಅಗಿಯುತ್ತಾ ಹೇಳಿದ: "ಉಪ್ಪಿಲ್ಲ."

"ನಾಲ್ಕು ವರ್ಷ ಹುಲ್ಲು ಮೇಯುವಾಗ ಉಪ್ಪು ಬೇಕಾಗಿರಲಿಲ್ಲವಾ?" ಎಂದು ಬೈಯುತ್ತಲೇ ದೇವೀರಿ ಅತ್ತಳು.

ಮಾಟ ಮುರಿದ ಅದೇ ಗಳಿಗೆಯಲ್ಲಿ ಕಾಳಂಗನ ಜೋಳಿಗೆ ಹರಿಯಿತು. ಬೀಜಗಳೆಲ್ಲ ಕಲ್ಲುಹರಳಾಗಿ ಉದುರಿದವು, ಅವನು ಮಂಜಿನಂತೆ ಕರಗಿದ. ಮೃಗಗಳಾಗಿದ್ದ ಉಳಿದವರೂ ಒಬ್ಬೊಬ್ಬರಾಗಿ ಬಂದು ಚಿಗುರು ತಿಂದು ಮನುಷ್ಯರಾದರು. ಬೇರು ಬಲಿತಂತೆಲ್ಲ ದೇವೀರಿ ಅದನ್ನು ಸೀಳಿ ಮನೆಮನೆಗೂ ಹಂಚಿದಳು, ಮೊದಲ ಪಾಲು ಸಾತವ್ವನಿಗೇ. ಆಮೇಲೆ ಆ ರಾಜ್ಯದಲ್ಲಿ ಯಾರೂ ಯಾರ ಕಾಲಿಗೂ ಬೀಳಲಿಲ್ಲ. ವಸಂತ ಬಂದಾಗಲೆಲ್ಲ ಹಿತ್ತಲಿಗೆ ಹೋಗಿ, ಬೇಕಾದಷ್ಟು ಮುರಿದು, ನಾಳೆಗೆ ಬಿಟ್ಟು, ಹೊಟ್ಟೆ ತುಂಬ ಉಂಡು ತಣ್ಣಗೆ ಬಾಳಿದರು.