ನಾಲ್ಕೂವರೆಯ ಸೀಲು

"ಆ ಕುರ್ಚಿ ಬೇಡ."

ಒಳಗೆ ಬಂದವನು ಕುರ್ಚಿಯ ಬೆನ್ನಿನ ಮೇಲಿಟ್ಟಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡ. ಆರ್ಮೆಲ್ ಇನ್ನೂ ಅವನ ಮುಖ ನೋಡಿರಲಿಲ್ಲ. ಕಿಟಕಿಯ ಪಕ್ಕದ ಆ ಕುರ್ಚಿಯ ಹತ್ತಿರ ಯಾರು ಸುಳಿದರೂ ಅವಳ ಬಾಯಿಂದ ಬರುವ ಮಾತು ಅದೊಂದೇ... ಮೂರು ವರ್ಷದಿಂದ ಅದೊಂದೇ.

ಆಮೇಲೆ ತಲೆಯೆತ್ತಿದಳು. ಕೈಯಲ್ಲಿದ್ದ ಬಟ್ಟಲು ಜಾರಿ ತೊಳೆಯುವ ತೊಟ್ಟಿಗೆ ಬಿತ್ತು.

ತಿಬೋ.

ಇವನಿಗೆ ಇಲ್ಲಿಗೆ ಬರುವ ಧೈರ್ಯವಾದರೂ ಹೇಗೆ ಬಂತು?

"ಹೇಗಿದ್ದೀಯ ಆರ್ಮೆಲ್?" ಎಂದ ಅವನು. ಗಡ್ಡ ಬಿಟ್ಟಿದ್ದ. ಬೂಟಿನ ತುಂಬ ಗುಡ್ಡದ ಕೆಂಪು ಮಣ್ಣು.

"ಕಾಫಿ ಬೇಕಿದ್ರೆ ಕುಡಿ. ಕುಡಿದು ಹೊರಡು."

ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಮದಾಮ್ ಕೊರ್ಬೆಲ್ ಕನ್ನಡಕದ ಮೇಲಿಂದ ನೋಡಿದಳು. ಎಂಬತ್ತೊಂದರ ಆ ಮುದುಕಿಗೆ ಈ ಅಂಗಡಿಯೇ ಮನೆ. "ಏನೋ ತಿಬೋ, ಕಡ್ಡಿಯಾಗಿದ್ದೀಯಲ್ಲ. ಯಾರೂ ಊಟ ಹಾಕೋರಿಲ್ವಾ?"

"ಹಾಕೋರು ಹೊರಗೆ ದಬ್ಬಿದ್ರಲ್ಲಜ್ಜಿ."

ಆರ್ಮೆಲ್ ಕಾಫಿಯ ಬಟ್ಟಲನ್ನು ಬೇರೊಂದು ಮೇಜಿನ ಮೇಲೆ ಕುಕ್ಕಿದಳು, ಅವನು ಅಲ್ಲಿ ಕುಳಿತ.

ಅದು ಕಾಲುವೆಯ ತೂಬು ಕಾಯುವವರಿಗೆ ಹಿಂದೆಂದೋ ಕಟ್ಟಿಕೊಟ್ಟ ಮನೆ. ಈಗ ಆರ್ಮೆಲ್‌ಳ ಪುಟ್ಟ ಕಾಫಿ ಅಂಗಡಿ. ಹಿಂದೆ ಕುದುರೆಗಳು ದಡದಲ್ಲಿ ನಡೆದು ದೋಣಿ ಎಳೆಯುತ್ತಿದ್ದ ದಾರಿಯಲ್ಲಿ ಈಗ ಸೈಕಲ್ಲುಗಳು ಮಾತ್ರ ಹೋಗುತ್ತವೆ, ಕಾರುಗಳಿಗೆ ಪ್ರವೇಶವಿಲ್ಲ. ಬೇಸಿಗೆಯಲ್ಲಿ ಪ್ಯಾರಿಸ್ಸಿನವರು ಬಂದು "ಎಂಥಾ ನಿಶ್ಶಬ್ದ" ಎಂದು ಬಾಯಿ ಬಿಡುತ್ತಾರೆ. ಅಕ್ಟೋಬರಿನ ಮಂಜು ಇಳಿದ ಮೇಲೆ ಆ ನಿಶ್ಶಬ್ದದಲ್ಲಿ ಏನೇನು ಕೇಳಿಸುತ್ತದೆ ಎಂಬುದು ಅವರಿಗೇನು ಗೊತ್ತು.

ಊರಿನ ಸೈಕಲ್ ಸಂಘ ಪ್ರತಿ ವರ್ಷ ಇದೇ ತಿಂಗಳು ಇನ್ನೂರು ಕಿಲೋಮೀಟರ್ ಸವಾರಿ ನಡೆಸುತ್ತಿತ್ತು. ಸವಾರನ ಜೇಬಿನಲ್ಲೊಂದು ರಟ್ಟಿನ ಕಾರ್ಡು. ದಾರಿಯ ಬೇಕರಿ, ಕಾಫಿ ಅಂಗಡಿಗಳಲ್ಲಿ, ಆರ್ಮೆಲ್‌ಳ ಅಂಗಡಿಯಲ್ಲೂ, ನಿಂತು ಅದಕ್ಕೆ ಸೀಲು ಹಾಕಿಸಿ, ಬಂದ ಹೊತ್ತು ಬರೆಸಿಕೊಳ್ಳಬೇಕು. ಪ್ರತಿ ಸೀಲಿಗೂ ಒಂದು ಗಡುವು. ಒಂದು ನಿಮಿಷ ತಡವಾದರೂ ಇಡೀ ಸವಾರಿ ಲೆಕ್ಕಕ್ಕಿಲ್ಲ. ಇಲ್ಲಿನವರು ಆ ಕಾರ್ಡಿಗಾಗಿ ಪ್ರಾಣ ಬಿಡುತ್ತಾರೆ ಎಂದು ಊರವರು ತಮಾಷೆ ಮಾಡುತ್ತಿದ್ದ ಕಾಲವಿತ್ತು. ಈಗ ಯಾರೂ ಹಾಗೆ ತಮಾಷೆ ಮಾಡುವುದಿಲ್ಲ.

ಮೂರು ವರ್ಷದ ಹಿಂದಿನ ಆ ಸವಾರಿಯಲ್ಲಿ ಆರ್ಮೆಲ್‌ಳ ತಮ್ಮ ಜೋರಿಸ್ ಕಾಲುವೆಯ ದಾರಿ ಬಿಟ್ಟು ಲಾರಿ ರಸ್ತೆಗೆ ಹೋದ. ಕಲ್ಲುಗಣಿಯ ತಿರುವಿನಲ್ಲಿ ಲಾರಿಯೊಂದು ಅವನನ್ನು ಕೆಡವಿತು. ಅವನಿಗಾಗ ಇಪ್ಪತ್ನಾಲ್ಕು.

ಸಂಘಕ್ಕೆ ದಾರಿ ಹುಡುಕಿಕೊಡುತ್ತಿದ್ದವನು, ಇಲ್ಲಿಗಿಂತ ಹಿಂದಿನ ಊರಾದ ಶೆವ್ರಿಯಲ್ಲಿ ಸೀಲು ಹಾಕುತ್ತಿದ್ದವನು ತಿಬೋ. ಹಸು ಮೆಲುಕು ಹಾಕುವ ಸದ್ದು ಕೇಳುವಂಥ ದಾರಿಗಳನ್ನೇ ಹುಡುಕುತ್ತಿದ್ದ ಗಂಡು. ಅದರ ಮುಂದಿನ ವಸಂತದಲ್ಲಿ ಆರ್ಮೆಲ್‌ಳ ಕೈ ಹಿಡಿಯಬೇಕಿದ್ದವನೂ ಅವನೇ.

ಮಣ್ಣು ಮಾಡಿ ಬಂದ ದಿನ ಅವನು ಎಲ್ಲರೆದುರು ಹೇಳಿದ್ದ. "ತಪ್ಪು ನಂದು. ಕಾಲುವೆ ದಾರೀಲಿ ಕೆಸರಿದೆ ಅಂತ ನಾನೇ ಅವನನ್ನ ಲಾರಿ ರಸ್ತೆಗೆ ಕಳಿಸಿದೆ."

ಅಂದೇ ಅವಳು ಉಂಗುರ ಬಿಚ್ಚಿ ಅವನ ಅಂಗೈಗೆ ಹಾಕಿದ್ದಳು.

"ಯಾಕೆ ಬಂದೆ?" ಎಂದಳು ಈಗ.

"ಭಾನುವಾರ ಸವಾರಿ ಮತ್ತೆ ಶುರುವಾಗ್ತಿದೆ. ಶೆವ್ರಿಯಿಂದ ಇಲ್ಲಿಗೆ ಹೊಸ ದಾರಿ ಆಗಿದೆ. ಗುಡ್ಡದ ಮೇಲಿನ ಹಳೇ ಗಾಡಿ ದಾರಿ ಇತ್ತಲ್ಲ, ಬೇಲಿ ಬೆಳೆದು ಮುಚ್ಚಿಹೋಗಿತ್ತಲ್ಲ... ಅದನ್ನ ಬಿಡಿಸಿದೆ. ಹನ್ನೊಂದು ಜನ ರೈತರ ಹೊಲ ದಾಟ್ಬೇಕು. ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಒಪ್ಪಿಸೋಕೆ ಮೂರು ವರ್ಷ ಆಯ್ತು. ಕಾಲುವೆ ಸುತ್ತಿ ಬಂದ್ರೆ ಇಪ್ಪತ್ತಾರು ಕಿಲೋಮೀಟರ್. ಇದು ಹದಿನಾಲ್ಕೇ. ಒಂದೇ ಒಂದು ಕಾರೂ ಬರಲ್ಲ."

"ನಂಗ್ಯಾಕೆ ಹೇಳ್ತಿದ್ದೀಯ?"

"ದಾರಿ ನಿನ್ನ ಬಾಗಿಲಿಗೇ ಬಂದು ಮುಗಿಯುತ್ತೆ. ನಿನ್ನನ್ನ ಕೇಳ್ದೆ..."

ಅವನ ಮಾತು ಅಲ್ಲಿಗೇ ನಿಂತಿತು. ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

ಟಕ್... ಟಕ್... ಟಕ್...

ಹೊರಗೆ ಮಂಜಿನಲ್ಲಿ, ಕಾಲುವೆಯ ದಡದಲ್ಲಿ, ಸಡಿಲವಾದ ಮಡ್‌ಗಾರ್ಡ್ ಚಕ್ರಕ್ಕೆ ಬಡಿಯುವ ಸದ್ದು. ಜೋರಿಸ್ ಎಂದೂ ಬಿಗಿಮಾಡಿಸದ ಮಡ್‌ಗಾರ್ಡು. ಆರ್ಮೆಲ್ ಯಾಂತ್ರಿಕವಾಗಿ ಪುದೀನಾ ಶರಬತ್ತಿನ ಲೋಟವನ್ನು ಒಯ್ದು ಅವನ ಆ ಖಾಲಿ ಕುರ್ಚಿಯ ಮುಂದಿಟ್ಟಳು. ದಿನಾ ಇಡುತ್ತಿದ್ದಳು. ಸದ್ದು ಬಾಗಿಲ ತನಕ ಬಂದು ನಿಂತುಹೋಗುತ್ತಿತ್ತು. ಯಾರೂ ಒಳಗೆ ಬರುತ್ತಿರಲಿಲ್ಲ.

ಮದಾಮ್ ಕೊರ್ಬೆಲ್ ಹೆಣಿಗೆ ನಿಲ್ಲಿಸಲಿಲ್ಲ. ಅವಳಿಗೆ ಏನೂ ಕೇಳಿಸಿರಲಿಲ್ಲ. ತಿಬೋ ಮಾತ್ರ ಕಿಟಕಿಯತ್ತ ತಿರುಗಿದ್ದ, ಅವನ ಮುಖ ಬಿಳಿಚಿಕೊಂಡಿತ್ತು.

"ನಿಂಗೂ... ಕೇಳ್ಸುತ್ತಾ?" ಅವಳ ದನಿ ಪಿಸುಮಾತಾಯಿತು.

"ಶೆವ್ರೀಲಿ ನಲವತ್ತು ನಿಮಿಷ ಮುಂಚೆ ಕೇಳ್ಸುತ್ತೆ. ದಿನಾ. ಮೂರು ಐವತ್ತಕ್ಕೆ."

ಹೇಳಿದ ಮರುಕ್ಷಣ ಅವನು ತುಟಿ ಕಚ್ಚಿಕೊಂಡ. ಕಾಫಿ ಮುಟ್ಟದೆ ಎದ್ದು, "ನಾಳೆ ಬೆಳಿಗ್ಗೆ ಗುಡ್ಡದ ಮೇಲೆ ಫಲಕ ನೆಡ್ತಿರ್ತೀನಿ. ಬೇಡ ಅನ್ನೋದಾದ್ರೆ ಹೇಳಿಕಳಿಸು, ಕಿತ್ತು ಹಾಕ್ತೀನಿ," ಎಂದು ಹೊರಟೇಹೋದ.

"ಹುಚ್ಚು ಮುಂಡೇದು," ಎಂದಳು ಮದಾಮ್ ಕೊರ್ಬೆಲ್ ನೂಲು ಎಳೆಯುತ್ತ. "ಕೆಸರಿನಿಂದ ಆಗಿದ್ದು ಅಂದ್ರೆ ಕಾಲುವೆ ದಾರಿಗೆ ಎರಡು ಗಾಡಿ ಜಲ್ಲಿ ಸುರಿಸಿದ್ರೆ ಸಾಕಿತ್ತಲ್ಲ ಮಗಳೇ. ಗುಡ್ಡ ಯಾಕೆ ಕಡೀಬೇಕಿತ್ತು? ಹತ್ತಿರದ ದಾರಿ ಯಾರಿಗೆ ಬೇಕಿತ್ತು?"

ಆರ್ಮೆಲ್ ಗಡಿಯಾರದತ್ತ ತಿರುಗಿದಳು.

ಹತ್ತಿರದ ದಾರಿ ಬೇಕಾಗುವುದು ಹೊತ್ತು ಮೀರಿದವನಿಗೆ... ಮೂರು ಐವತ್ತು ಎಂದನಲ್ಲ, ಜೋರಿಸ್ ಶೆವ್ರಿ ಬಿಟ್ಟದ್ದು ಆಗಲಾ?

ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಆಸ್ಪತ್ರೆಯವರು ಕೊಟ್ಟ ಚೀಲವಿತ್ತು. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು. ಆ ಸಂಜೆ ಅದನ್ನು ಮಡಿಲಲ್ಲಿಟ್ಟುಕೊಂಡು ಅವಳು ನೆಲದ ಮೇಲೆ ಕುಳಿತಳು. ಬೆರಳುಗಳಿಗೆ ಗಂಟು ಸಿಗಲೊಲ್ಲದು. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ತಮ್ಮನ ಅಂಗಿ. ಅರ್ಧ ತಿಂದಿಟ್ಟ ಚಾಕೊಲೇಟ್. ಅದರಡಿ ರಟ್ಟಿನ ಕಾರ್ಡು.

ಐದು ಊರುಗಳ ಐದು ಸೀಲು. ಕೊನೆಯದು ಶೆವ್ರಿ. ಪಕ್ಕದಲ್ಲಿ ತಿಬೋನ ಓರೆ ಅಕ್ಷರದಲ್ಲಿ ಬರೆದ ಹೊತ್ತು... ಮೂರು ಐವತ್ತು.

ಅದರ ಕೆಳಗಿನ ಚೌಕ ಖಾಲಿಯಿತ್ತು. ಅದು ಅವಳ ಸೀಲು ಬೀಳಬೇಕಿದ್ದ ಜಾಗ. ಗಡುವು ನಾಲ್ಕೂವರೆ ಎಂದು ಅಚ್ಚಾಗಿತ್ತು.

ನಲವತ್ತು ನಿಮಿಷ. ಕಾಲುವೆಯ ಇಪ್ಪತ್ತಾರು ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ಯಾವ ಸವಾರನೂ ತುಳಿಯಲಾರ. ನೇರವಾದ ಲಾರಿ ರಸ್ತೆಯಲ್ಲಾದರೆ ಬರಬಹುದು.

ಮೂರು ವರ್ಷ ಅವಳು ಒಳಗೇ ಅದುಮಿಟ್ಟಿದ್ದ ಒಂದು ಬೆಳಗು ಆಗ ಕಣ್ಣೆದುರು ಬಂದು ನಿಂತಿತು. ಸವಾರಿಯ ದಿನ, ಇದೇ ಬಾಗಿಲಲ್ಲಿ, ಬ್ರೆಡ್ಡು ಜಗಿಯುತ್ತ ನಿಂತ ತಮ್ಮ.

"ಅಕ್ಕಾ, ಸ್ವಲ್ಪ ತಡ ಆದ್ರೆ ನೋಡಿಕೋತೀಯಲ್ಲ?"

"ಆಗಲ್ಲಪ್ಪ. ಪ್ರತಿ ವರ್ಷ ನಿಂದಿದೇ ರಾಗ. ನಾಲ್ಕೂವರೆಗೆ ಒಂದು ನಿಮಿಷ ಮೇಲಾದ್ರೂ ಸೀಲ್ ಒತ್ತಲ್ಲ, ತಮ್ಮ ಅಂತಾನೂ ನೋಡಲ್ಲ."

ಅವನು ನಕ್ಕು ಕೈಬೀಸಿ ಹೋಗಿದ್ದ.

ಕೆಸರಿರಲಿಲ್ಲ. ತಿಬೋ ಅವನನ್ನು ಎಲ್ಲಿಗೂ ಕಳಿಸಿರಲಿಲ್ಲ...

ಆರ್ಮೆಲ್ ಆ ಕಾರ್ಡನ್ನು ಎದೆಗೊತ್ತಿಕೊಂಡು ಅತ್ತಳು.

ಬೆಳಿಗ್ಗೆ ಕೊಟ್ಟಿಗೆಯಿಂದ ತನ್ನ ಸೈಕಲ್ ಎಳೆದಳು. ಜೇಡರ ಬಲೆ ಒರೆಸಿ, ಗಾಳಿ ತುಂಬಿ, ಗುಡ್ಡದ ಕಡೆ ತಿರುಗಿಸಿದಳು. ಮೂರು ವರ್ಷ ಸೈಕಲ್ ಮುಟ್ಟದ ಕಾಲುಗಳು ಮೊದಲ ಏರಿಗೇ ಮುಷ್ಕರ ಹೂಡಿದವು.

ಎರಡೂ ಕಡೆ ಬೇಲಿಯ ಗಿಡ, ನಡುವೆ ಒಂದಾಳಗಲದ ಕೆಂಪು ದಾರಿ. ಹತ್ತಡಿ ಮುಂದೆ ಬರೀ ಮಂಜು.

ಟಕ್... ಟಕ್...

ಇನ್ನೂ ಎಂಟು ಗಂಟೆಯೂ ಆಗಿರಲಿಲ್ಲ. ಆದರೂ ಬೆನ್ನ ಹಿಂದೆ ಅದೇ ಸದ್ದು. ಅವಳಿಗೆ ಹೆದರಿಕೆಯಾಗಲಿಲ್ಲ, ತಿರುಗಿಯೂ ನೋಡಲಿಲ್ಲ.

"ಬಾರೋ," ಎಂದಳು ಏದುಸಿರಿನಲ್ಲೇ. "ಇಲ್ಲಿ ಲಾರಿ ಬರಲ್ಲ. ನಿಧಾನವಾಗಿ ಬಾ."

ಸದ್ದು ಅವಳ ಜೊತೆಗೇ ಬಂತು. ಹಳೆಯ ವಾಲ್‌ನಟ್ ಮರದ ಹತ್ತಿರ ಪಕ್ಕಕ್ಕೆ ಬಂದಂತಾಯಿತು, ಆಮೇಲೆ ಅವಳನ್ನು ದಾಟಿ ಮುಂದೆ ಹೋದಂತಾಯಿತು. ಮಂಜಿನೊಳಗೆ ಸಣ್ಣದಾಗುತ್ತಾ ಆಗುತ್ತಾ ಕೇಳದಾಯಿತು. ಅವಳು ಕಾಲೂರಿ ನಿಂತು ಬಹಳ ಹೊತ್ತು ಕಿವಿಗೊಟ್ಟಳು. ಎಲ್ಲೋ ಒಂದು ಹಸು ಕೆಮ್ಮಿತು, ಅಷ್ಟೇ.

ಗುಡ್ಡದ ನೆತ್ತಿಯಲ್ಲಿ ತಿಬೋ ಗುಂಡಿ ತೋಡುತ್ತಿದ್ದ. ಅವಳನ್ನು ಕಂಡು ಸಲಿಕೆ ಕೆಳಗಿಟ್ಟ.

ಅವಳು ಕಾರ್ಡು ಚಾಚಿದಳು. ಅವನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನೋಡಿದ್ದೇ ಸಾಕಾಗಿತ್ತು.

"ಅವನು ಏನಂದ?"

"ಆರ್ಮೆಲ್, ಬಿಟ್ಟುಬಿಡು..."

"ಏನಂದ ತಿಬೋ?"

ಅವನು ನೆಲ ನೋಡುತ್ತ ಹೇಳಿದ. "ಎರಡು ಸಲ ಪಂಕ್ಚರ್ ಆಗಿತ್ತು. ಈ ವರ್ಷ ಹೋಗ್ಲಿ ಬಿಡು, ಕಾಲುವೆ ದಾರೀಲಿ ಹೋಗು ಅಂದೆ. ಅವನು ನಕ್ಕ. ಅಕ್ಕ ಸೀಲ್ ಒತ್ತಲ್ಲ ಅಂದಿದ್ದಾಳೆ, ಒತ್ತಿಸ್ಕೊಂಡೇ ತೋರಿಸ್ತೀನಿ ಅಂದ. ಹ್ಯಾಂಡಲ್ ಹಿಡಿದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ."

"ನಾನೇ ಕೊಂದೆ ಅವನನ್ನ."

"ಲಾರಿ ಕೊಂದಿದ್ದು. ದಿನಾ ಸಾವಿರ ಅಕ್ಕಂದಿರು ಸಾವಿರ ತಮ್ಮಂದಿರಿಗೆ ಆ ಮಾತು ಅಂತಾರೆ."

"ಹಾಗಿದ್ರೆ ನೀನ್ಯಾಕೆ ಸುಳ್ಳು ಹೇಳ್ದೆ? ಊರೆಲ್ಲ ನಿನ್ನನ್ನ ಕೊಲೆಗಾರನ ಹಾಗೆ ನೋಡ್ತು. ನಾನು... ನಾನು ಏನೇನು ಅಂದೆ ನಿಂಗೆ."

"ನನ್ನನ್ನ ದ್ವೇಷಿಸಿದ್ರೆ ನೀನು ಹೇಗೋ ಬದುಕಿಕೊಳ್ತೀಯ. ನಿನ್ನನ್ನೇ ದ್ವೇಷಿಸಿಕೊಂಡ್ರೆ ಬದುಕಲ್ಲ ಅನ್ನಿಸ್ತು."

ಆರ್ಮೆಲ್ ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. "ಅದನ್ನ ತೀರ್ಮಾನ ಮಾಡೋಕೆ ನೀನ್ಯಾರು? ಅವನ ಸಾವು ನಂದೂ ಅಲ್ವಾ? ಜೊತೇಲಿ ಕೂತು ಅಳೋಕೆ ಒಬ್ಬನಿದ್ದ, ಅವನನ್ನೂ ಕಿತ್ತುಕೊಂಡ್ಯಲ್ಲ!"

ಅವನು ಗುದ್ದಿಸಿಕೊಂಡು ನಿಂತ. ಮುಷ್ಟಿಗಳು ಸೋತು ಅವನ ಅಂಗಿಯನ್ನು ಹಿಡಿದುಕೊಂಡವು. ಆ ಹಿಡಿತದಲ್ಲೇ ಅವಳು ಅವನ ಭುಜಕ್ಕೆ ಹಣೆಯಿಟ್ಟಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಅತ್ತರು.

ಅವಳಿಗೆ ಗೊತ್ತಿತ್ತು, ಆ ಬೆಳಗಿನ ಮಾತು ಇನ್ನು ಜೀವಮಾನವಿಡೀ ಜೊತೆಗಿರುತ್ತದೆ. ಆದರೆ ಇನ್ನು ಮುಂದೆ ಅದನ್ನು ಒಬ್ಬಳೇ ಹೊರಬೇಕಿಲ್ಲ.

"ತಪ್ಪಾಯ್ತು," ಎಂದ ತಿಬೋ. "ಈ ದಾರಿ ಬೇಡ ಅಂದ್ರೆ ಈಗ್ಲೇ..."

"ಕಂಬ ಎಲ್ಲಿ?"

"ಆಂ?"

"ಫಲಕದ ಕಂಬ. ಗುಂಡಿಗಿಳಿಸು. ನಾನು ಹಿಡ್ಕೋತೀನಿ, ನೀನು ಮಣ್ಣು ತುಂಬು."

ಅವಳು ಕಂಬವನ್ನು ಅಪ್ಪಿ ನಿಂತಳು. ಅವನು ಮಂಡಿಯೂರಿ ಮಣ್ಣು ತುಂಬತೊಡಗಿದ. ಕಂಬ ನೇರವಾಗಿದೆಯೇ ಎಂದು ನೋಡಲು ಅವನು ಕೈ ಮೇಲೆ ಚಾಚಿದಾಗ ಅದು ಅವಳ ಕೈಯ ಮೇಲೆ ಬಿತ್ತು, ಅಲ್ಲೇ ಉಳಿಯಿತು.

"ತಿಬೋ... ಇನ್ನೂ ಮನಸ್ಸಿದೆಯಾ? ನನ್ನ ಮೇಲೆ?"

"ಮೂರು ವರ್ಷ ಹನ್ನೊಂದು ಜನ ರೈತರ ಹತ್ರ ಬೈಸ್ಕೊಂಡಿದ್ದೀನಿ. ನಿನ್ನ ಬಾಗಿಲಿಗೆ ಬರೋ ದಾರಿಗಲ್ದೆ ಇನ್ಯಾತಕ್ಕೆ ಅಂದ್ಕೊಂಡೆ?"

ಅವಳು ಕೆನ್ನೆಯನ್ನು ಕಂಬಕ್ಕೆ ಒತ್ತಿದಳು. ಕಣ್ಣು ಮಂಜಾಗಿತ್ತು.

"ಕಂಬ ಅಲುಗಾಡ್ತಿದೆ ಆರ್ಮೆಲ್. ಗಟ್ಟಿಯಾಗಿ ಹಿಡ್ಕೋ."

"ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೀನಿ. ನಡುಗ್ತಿರೋನು ನೀನು."