ಓರೆ ಕುಂಕುಮ

ಇದನ್ನು ನಂಬಿಸುವ ಹಟ ನನಗಿಲ್ಲ. ೧೯೯೬ರ ಆಯುಧಪೂಜೆಯ ಮಧ್ಯಾಹ್ನ, ಅಟ್ಲಾಂಟಾದಲ್ಲಿ ನಡೆದದ್ದು. ನನ್ನ ಅಣ್ಣ ಗುರುದತ್ತನನ್ನು ಪಾರ್ಕಿಂಗ್ ಲಾಟಿನಲ್ಲಿ ಯಾರೋ ಗುಂಡಿಟ್ಟು ಕೊಂದು ಮೂರು ತಿಂಗಳಾಗಿತ್ತು. ವರ್ಷ ತುಂಬುವವರೆಗೆ ನಮ್ಮಲ್ಲಿ ಹಬ್ಬವಿಲ್ಲ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಒಬ್ಬರೇ ಮನೆಗೆ ಬರಬೇಕಿದ್ದ ಕಾತ್ಯಾಯಿನಿ ಅತ್ತಿಗೆ, ಕೋಟಿನ ಜೇಬಿನಲ್ಲಿ ಕಾಣದಂತೆ ಇಟ್ಟುಕೊಳ್ಳಲು ಪುಟ್ಟ ಪಿಸ್ತೂಲು ಬೇಕೆಂದರು. ಅಂಗಡಿಗೆ ನಾನೂ ಜೊತೆಗೆ ಹೋದೆ.

ಮೊದಲನೆಯದು ಜೇಬಿನಲ್ಲಿ ಉಬ್ಬಿ ಕಾಣುತ್ತಿತ್ತು. ಎರಡನೆಯದು ಹಗುರ, ಆದರೆ ಟ್ರಿಗರ್ ಬಹಳ ಬಿಗಿ. ಅಂಗಡಿಯವನು ಹೊಸ ಡಬ್ಬಿಯ ಸೀಲು ಒಡೆದು ಇನ್ನೊಂದನ್ನು ಕೊಟ್ಟ. ಅದು ಅತ್ತಿಗೆಯ ಕೈಗೆ ಸರಿಯಾಗಿ ಕೂತಿತು.

“ಯೋಗೇಶ, ಮುಟ್ಟಿ ನೋಡು. ಇದ್ಯಾಕೆ ಬೆಚ್ಚಗಿದೆ?”

ತಿರುಗಿಸಿದರೆ ಹಿಡಿಯ ಮೇಲೆ ಒದ್ದೆ ಕುಂಕುಮ, ಎಡಕ್ಕೆ ಓರೆಯಾಗಿ ಎಳೆದಿತ್ತು. ಅಣ್ಣನ ಉಂಗುರದ ಬೆರಳು ಸೊಟ್ಟ. ಪ್ರತಿ ವರ್ಷ ಕಾರಿಗೂ ಕಂಪ್ಯೂಟರಿಗೂ ಹೀಗೇ ಓರೆಯಾಗಿ ಇಡುತ್ತಿದ್ದ.

ಅಂಗಡಿಯವನು ಪೇಂಟ್ ಇರಬೇಕೆಂದು ಅದನ್ನು ಒರೆಸಿ, ಮತ್ತೊಂದು ಡಬ್ಬಿ ಒಡೆದ. ಅದರಲ್ಲೂ ಇತ್ತು.

“ಪೂಜೆಗಿಟ್ಟಿದ್ದನ್ನ ಇವತ್ತು ಎತ್ಕೋಬಾರ್ದು. ನಡಿ, ಹೋಗೋಣ,” ಎಂದು ಅತ್ತಿಗೆ ಹೊರಟೇಬಿಟ್ಟರು.

ಲಾಕ್ ಮಾಡಿದ್ದ ಕಾರಿನ ಸ್ಟಿಯರಿಂಗ್ ಮೇಲೂ ಅದೇ ಒದ್ದೆ ಗುರುತು. ಅತ್ತಿಗೆ ಅದಕ್ಕೆ ಹಣೆಯೊತ್ತಿ ಬಹಳ ಹೊತ್ತು ಅತ್ತರು. ತಲೆಯೆತ್ತಿದಾಗ, ಮೂರು ತಿಂಗಳಿಂದ ಬರಿದಾಗಿದ್ದ ಹಣೆಯಲ್ಲಿ ಕುಂಕುಮವಿತ್ತು, ಓರೆಯಾಗಿ.

ಸ್ಟಿಯರಿಂಗಿನ ಮೇಲಿನ ಗುರುತು ಮಾತ್ರ ಒಂದಿಷ್ಟೂ ಕದಡಿರಲಿಲ್ಲ.