ದಣಿವರಿಯುವ ಹಾಯಿ

ಹಾಯಿ ಮತ್ತೆ ತಾನಾಗಿ ಮುದುಡಿಕೊಂಡಿತು.

ಅದನ್ನು ಏರಿಸಿದ ಪುರುಷೋತ್ತಮ ಹರಿಕಂತ್ರನ ಬೆವರು ಇನ್ನೂ ಆರಿರಲಿಲ್ಲ. ಬೆನ್ನ ಹಿಂದಿನ ಮಂದ ಗಾಳಿಗೆಂದೇ ನೇಯ್ದ ತೆಳುಹಾಯಿ ಅದು. ಒಂದು ತುದಿಯನ್ನು ದೋಣಿಯ ಮೂತಿಗೆ ಬಿಗಿದು, ಇನ್ನೊಂದರ ಹಗ್ಗವನ್ನು ಹಿಂಬದಿಗೆ ತಂದು, ಹಾಯಿಯ ತಲೆಯನ್ನು ದೋಣಿಯ ನಡುಗಂಬವಾದ ಕೂವೆಮರದ ಮೇಲಕ್ಕೆಳೆದು, ಕೊನೆಗೆ ಅದರ ಮೈಮೇಲಿನ ಉದ್ದನೆಯ ಬಟ್ಟೆಚೀಲವನ್ನು ಮೇಲಕ್ಕೆ ಸರಿಸಬೇಕು. ಬೆಳಗಿನಿಂದ ಇದನ್ನೇ ಮಾಡಿ ಮಾಡಿ ಅವನ ತೋಳು ಸೋತುಹೋಗಿತ್ತು. ಚೀಲ ಮಾತ್ರ ಪ್ರತಿ ಸಲವೂ ಸರಸರನೆ ಇಳಿದು ಹಾಯಿಯನ್ನು ನುಂಗಿಬಿಡುತ್ತಿತ್ತು.

"ನಾ ಏನು ತಪ್ಪು ಮಾಡ್ದೆ ಮೇಡಮ್?"

"ತಪ್ಪಲ್ಲ ಪುರುಷೋತ್ತಮಣ್ಣ, ದಣಿವು," ಎಂದರು ಹಾಯಿಯನ್ನು ರೂಪಿಸಿ, ಅದರ ಪರೀಕ್ಷೆಗೆಂದು ದೋಣಿಯಲ್ಲಿ ಜೊತೆಗೆ ಬಂದಿದ್ದ ವಿಜ್ಞಾನಿ ಮೃಣಾಲಿನಿ.

ಹಗ್ಗ ಹಿಡಿಯುವವನ ಮಣಿಕಟ್ಟಿಗೆ ಕಟ್ಟಿದ ದಣಿವುಮಾಪಕ ಅವನ ನಾಡಿಯನ್ನೂ ಕೈನಡುಕವನ್ನೂ ಓದುತ್ತದೆ. ಮಿತಿ ಮೀರಿದರೆ ಕೆಂಪು ದೀಪ ಹತ್ತುತ್ತದೆ, ಹಾಯಿ ಮಡಚಿಕೊಳ್ಳುತ್ತದೆ. ಸೋತ ಕೈಯನ್ನು ಹಗ್ಗ ಸಮುದ್ರಕ್ಕೆ ಎಳೆದೊಯ್ಯಬಾರದೆಂಬ ಕಾಳಜಿ. ಯಂತ್ರಕ್ಕೆ ಕರುಣೆ ಕಲಿಸಿದವರು ಅವಸರವನ್ನು ಕಲಿಸಲು ಮರೆತಿದ್ದರು.

"ಬಂದ್ ಮಾಡೂಕೆ ಗುಂಡಿ ಇಲ್ವಾ?"

"ಇಟ್ಟಿಲ್ಲ. ದಣಿದವರೇ ಮೊದಲು ಅದನ್ನು ಒತ್ತೋದು."

"ಪಟ್ಟಿ ಬಿಚ್ಚಿಟ್ರೆ?"

"ಹಾಯಿ ಬಿಚ್ಚಿಕೊಳ್ಳೋದೇ ಇಲ್ಲ. ನಾನು ಕಟ್ಟಿಕೊಂಡರೂ ಅಷ್ಟೇ, ಅದಕ್ಕೆ ಗೊತ್ತಿರೋದು ನಿಮ್ಮ ನಾಡಿ ಮಾತ್ರ."

ಎಂಜಿನ್ನು ಕೆಟ್ಟಿತ್ತು. ಉಳಿದಿದ್ದ ಇನ್ನೊಂದು ಸಣ್ಣ ಹಾಯಿಯಲ್ಲಿ ದೋಣಿ ತೆವಳುತ್ತಿತ್ತು. ನಾಳೆ ಕಾರವಾರದಲ್ಲಿ ಅವನ ಹೆಂಡತಿ ಶೇವಂತಿಗೆ ಹೃದಯದ ಶಸ್ತ್ರಚಿಕಿತ್ಸೆ. ಒಳಗೆ ಕರೆದೊಯ್ಯುವ ಮುಂಚೆ ಬಂದು ಕೈ ಹಿಡಿಯುತ್ತೇನೆಂದು ಮಾತು ಕೊಟ್ಟಿದ್ದ. ಮಲಗಿದರೆ ನಿದ್ದೆ ಬಾರದು, ನಿದ್ದೆಯಿಲ್ಲದೆ ಹಾಯಿ ಏರದು. ಅವನಿಗೆ ಅಳುವಷ್ಟು ಸಾಕಾಗಿತ್ತು.

ಮತ್ತೆ ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ದೋಣಿಯ ರೇಡಿಯೋದಲ್ಲಿ ಆಸ್ಪತ್ರೆಯಿಂದ ಶೇವಂತಿಯ ದನಿ ಬಂತು.

"ಆಪರೇಶನ್ ಮುಂದೆ ಹಾಕಿದ್ರು. ಬಿ.ಪಿ. ಇಳೀತಾ ಇಲ್ಲ."

"ಎಂತಕ್ಕೆ?"

"ನಿಮ್ಮ ದೀಪ ಇಲ್ಲಿ ನನ್ನ ಮೊಬೈಲಲ್ಲೂ ಕಾಣ್ತದೆ. ಅದು ಕೆಂಪಗಿದ್ರೆ ನಂಗೆ ನಿದ್ದೆ ಎಲ್ಲಿಂದ ಬರ್ಬೇಕು?"

ಮನೆಯವರಿಗೆ ಧೈರ್ಯವಿರಲೆಂದು ಆ ಸೌಲಭ್ಯ ಕೊಟ್ಟವರು ಮೃಣಾಲಿನಿಯೇ. ಅವರು ತಲೆ ತಗ್ಗಿಸಿದರು.

"ನಾ ಬೇಗ ಬರೂಕೇ ಒದ್ದಾಡ್ತಿದ್ದೆ," ಎಂದ ಪುರುಷೋತ್ತಮ.

"ಬೇಗ ಬರೂದು ಬ್ಯಾಡ. ಮಲಗಿ. ಡಾಕ್ಟ್ರು ಕಾಯ್ತಾರೆ. ನೀವು ಮಲಗಿದ್ರೆ ನಾನೂ ಮಲಗ್ತೆ."

ಅವನು ಮಡಚಿದ ಹಾಯಿಗೇ ತಲೆಯಿಟ್ಟು ಒರಗಿದ. ಬಹಳ ಹೊತ್ತಿನ ಮೇಲೆ ಮಣಿಕಟ್ಟಿನ ದೀಪ ಹಸಿರಾಯಿತು. ಹಿಂದಿನಿಂದ ಒಳ್ಳೆಯ ಗಾಳಿಯೂ ಬರುತ್ತಿತ್ತು. ಮೃಣಾಲಿನಿ ಅವನನ್ನು ಎಬ್ಬಿಸಲಿಲ್ಲ.